ನಿಕಾಹ್‌ಗಾಗಿ ಆ್ಯಪ್ ಆರಿಸುವಾಗ ಏನು ನೋಡಬೇಕು? ಗೊತ್ತಿದ್ದವರು ಹೇಳಿ

ಉಳ್ಳಾಲದವಳು

ಅಸ್ಸಲಾಮು ಅಲೈಕುಂ ಎಲ್ಲರಿಗೂ.

ನನಗೆ 28 ವರ್ಷ. ಮಂಗಳೂರಿನಲ್ಲಿ ಫಿಸಿಯೋಥೆರಪಿಸ್ಟ್. ಬ್ಯಾರಿ ಕುಟುಂಬ. ಮನೆಯಲ್ಲಿ ಸಂಬಂಧ ನೋಡುತ್ತಿದ್ದಾರೆ. ಬ್ರೋಕರ್ ತರುವ ಬಯೋಡೇಟಾದಲ್ಲಿ ಹುಡುಗನ ಊರು, ಸಂಬಳ, ಎತ್ತರ ಇರುತ್ತದೆ. ನಮಾಝ್ ಮಾಡುತ್ತಾನಾ, ಮದುವೆ ಆದ ಮೇಲೆ ನಾನು ಕೆಲಸಕ್ಕೆ ಹೋಗುವುದಕ್ಕೆ ಏನು ಹೇಳುತ್ತಾನೆ, ಎಲ್ಲಿ ಇರಬೇಕು, ಇದ್ಯಾವುದೂ ಇರುವುದಿಲ್ಲ. ಕೇಳಿದರೆ "ಅದೆಲ್ಲ ಆಮೇಲೆ ಮಾತಾಡಬಹುದು" ಅನ್ನುತ್ತಾರೆ. ಆಮೇಲೆ ಅಂದರೆ ಯಾವಾಗ? ಹೆಣ್ಣು ನೋಡಲು ಬಂದ ದಿನ ಇಬ್ಬರಿಗೂ ಮಾತಾಡಲು ಸಿಗುವುದು ಹತ್ತು ನಿಮಿಷ. ಆಗ ಪಕ್ಕದ ಕೋಣೆಯಲ್ಲಿ ಎಲ್ಲರ ಕಿವಿಯೂ ಇತ್ತಲೇ ಇರುತ್ತದೆ.

ಗೆಳತಿಯರು ಹಲಾಲ್ ಡೇಟಿಂಗ್ ಆ್ಯಪ್ ನೋಡು ಅನ್ನುತ್ತಿದ್ದಾರೆ. ಉಮ್ಮನಿಗೆ ಹೇಳಿದ್ದೇನೆ. ಬಾಪನಿಗೆ ಇನ್ನೂ ಹೇಳಿಲ್ಲ. ನನಗೆ ಸುಮ್ನೆ ಚಾಟ್ ಮಾಡುವುದು ಬೇಡ. ಮದುವೆಯೇ ಆಗಬೇಕು, ದೀನ್ (ಧರ್ಮನಿಷ್ಠೆ) ಇರುವ ಹುಡುಗ ಬೇಕು. ಯಾವ ಆ್ಯಪ್ ಒಳ್ಳೆಯದು? ಫೋಟೋ ಹಾಕಲೇಬೇಕಾ? ಮನೆಯವರನ್ನು ಯಾವ ಹಂತದಲ್ಲಿ ಸೇರಿಸಬೇಕು?

ಟ್ಯಾನರಿ ರೋಡ್ ಹುಡುಗ

ವಅಲೈಕುಂ ಸಲಾಂ ಸಹೋದರಿ. ನನ್ನ ನಿಕಾಹ್ ಆಗಿದ್ದು ಆ್ಯಪ್‌ನಲ್ಲಿ ಪರಿಚಯವಾದ ಹುಡುಗಿಯ ಜೊತೆಗೇ. ಅವರದು ಕಲಬುರಗಿ, ನಮ್ಮದು ಬೆಂಗಳೂರು. ಎರಡೂ ಮನೆಗೆ ಸಾಮಾನ್ಯ ಪರಿಚಯದವರು ಯಾರೂ ಇರಲಿಲ್ಲ. ಆ್ಯಪ್ ಇಲ್ಲದಿದ್ದರೆ ಈ ಸಂಬಂಧ ಕೂಡಿಬರುತ್ತಲೇ ಇರಲಿಲ್ಲ.

ಮೊದಲು ತಿಳಿಯಬೇಕಾದ್ದು, ಮುಸ್ಲಿಂ ಮದುವೆಗೆ ಅಂತ ಇರುವುದೆಲ್ಲ ಒಂದೇ ತರ ಅಲ್ಲ. ಭಾರತ್ ಮ್ಯಾಟ್ರಿಮೊನಿಯವರ ಮುಸ್ಲಿಂ ಮ್ಯಾಟ್ರಿಮೊನಿಯಂಥ ಕಡೆ ಪ್ರೊಫೈಲ್ ಮಾಡುವುದು ಎಷ್ಟೋ ಸಲ ತಂದೆ ತಾಯಿ, ಅಣ್ಣ, ಅಕ್ಕ. ಅಲ್ಲಿ ಮಾತು ಮನೆಯಿಂದ ಮನೆಗೆ ಹೋಗುತ್ತದೆ. ಮಝ್, ಸಲಾಮ್ಸ್ ಇಂಥವುಗಳಲ್ಲಿ ಹುಡುಗ ಹುಡುಗಿಯೇ ನೇರವಾಗಿ ಮಾತಾಡುತ್ತಾರೆ. ಸಲಾಮ್ಸ್‌ಗೆ ಮೊದಲು ಮೈಂಡರ್ ಅಂತ ಹೆಸರಿತ್ತು, ಅಮೆರಿಕದಲ್ಲಿ ಹುಟ್ಟಿದ್ದು. ಮಝ್ 2015ರಲ್ಲಿ ಲಂಡನ್‌ನಲ್ಲಿ ಮಝ್‌ಮ್ಯಾಚ್ ಎಂಬ ಹೆಸರಿನಲ್ಲಿ ಶುರುವಾಯಿತು. ಟಿಂಡರ್ ನಡೆಸುವ ಮ್ಯಾಚ್ ಗ್ರೂಪ್ ಆ ಹೆಸರಿನ ಮೇಲೆ ಕೇಸು ಹಾಕಿ 2022ರಲ್ಲಿ ಬ್ರಿಟನ್ ಕೋರ್ಟಿನಲ್ಲಿ ಗೆದ್ದಿತು. ಆಮೇಲೆ ಹೆಸರು ಬದಲಾಯಿತು.

ಮಝ್‌ನಲ್ಲಿ ನನಗೆ ಇಷ್ಟವಾಗಿದ್ದು ಎರಡು. ಫೋಟೋ ಮಸುಕು ಮಾಡಿ ಇಡಬಹುದು, ನಾವು ಒಪ್ಪಿದವರಿಗೆ ಮಾತ್ರ ಕಾಣುತ್ತದೆ. ಇನ್ನೊಂದು, ವಲೀಯನ್ನು, ಅಂದರೆ ಮದುವೆಯಲ್ಲಿ ಹೆಣ್ಣಿನ ಪರವಾಗಿ ನಿಲ್ಲುವ ತಂದೆ, ಅಣ್ಣನಂಥವರನ್ನು ಸೇರಿಸುವ ಸೌಲಭ್ಯ. ಅಪ್ಪನದೋ ಅಣ್ಣನದೋ ಇಮೇಲ್ ಕೊಟ್ಟರೆ ನಮ್ಮ ಚಾಟ್‌ನ ನಕಲು ವಾರಕ್ಕೊಮ್ಮೆ ಅವರಿಗೆ ಹೋಗುತ್ತದೆ. ಎದುರಿನವರಿಗೂ ಇದು ಗೊತ್ತಾಗುತ್ತದೆ. ನನ್ನ ಹೆಂಡತಿ ತಮ್ಮ ಅಣ್ಣನನ್ನು ಸೇರಿಸಿದ್ದರು. ಅದನ್ನು ನೋಡಿದ ಕೂಡಲೇ ಇವರು ನಿಜವಾಗಿ ಮದುವೆಗೇ ಬಂದವರು ಅಂತ ನನಗೆ ಧೈರ್ಯ ಬಂತು. ಟೈಂಪಾಸ್‌ಗೆ ಬಂದ ಹುಡುಗರು ಅಣ್ಣನ ಹೆಸರು ಕಂಡರೆ ತಾವಾಗಿಯೇ ಜಾಗ ಖಾಲಿ ಮಾಡುತ್ತಾರಂತೆ.

ಒಂದು ತೊಂದರೆ. ಬೆಂಗಳೂರು, ಹೈದರಾಬಾದ್ ಪ್ರೊಫೈಲ್ ಬೇಕಾದಷ್ಟು ಸಿಗುತ್ತವೆ. ಹಾವೇರಿ, ಕೊಪ್ಪಳ ಅಂತ ಹುಡುಕಿದರೆ ಸಿಗುವುದು ಕಡಿಮೆ. ನಿಮ್ಮ ಕಡೆಯವರೇ ಬೇಕು ಅಂದರೆ ಜಮಾಅತಿನ (ಊರಿನ ಮಸೀದಿ ಸಮುದಾಯದ) ವಾಟ್ಸಾಪ್ ಗ್ರೂಪ್ ಕೂಡ ಬಿಡಬೇಡಿ. ದುಡ್ಡು ಕೊಡುವ ಮೊದಲು ಕೆಲವು ದಿನ ಉಚಿತವಾಗಿಯೇ ನೋಡಿ. ಇನ್ನೊಂದು ಮಾತು, ಫೋನಿನಿಂದ ಆ್ಯಪ್ ಅಳಿಸಿದ ಮಾತ್ರಕ್ಕೆ ಚಂದಾ ನಿಲ್ಲುವುದಿಲ್ಲ. ಪ್ಲೇ ಸ್ಟೋರ್‌ಗೆ ಹೋಗಿ ಬೇರೆಯಾಗಿ ರದ್ದು ಮಾಡಬೇಕು.

ಹುಬ್ಬಳ್ಳಿ ಆಪಾ

ತಂಗಿ, ಫೋಟೋ ವಿಷಯಕ್ಕೆ ನಾನು ಹೇಳುತ್ತೇನೆ. ನನ್ನ ನಾದಿನಿಗೆ ಆ್ಯಪ್‌ನಲ್ಲಿ ಸಂಬಂಧ ನೋಡಿದವಳು ನಾನೇ.

2021ರ ಜುಲೈಯಲ್ಲಿ ಸುಲ್ಲಿ ಡೀಲ್ಸ್, 2022ರ ಹೊಸ ವರ್ಷದ ದಿನ ಬುಲ್ಲಿ ಬಾಯಿ. ನೆನಪಿದೆ ಅಲ್ವಾ? ಮುಸ್ಲಿಂ ಹೆಣ್ಣುಮಕ್ಕಳ ಫೋಟೋಗಳನ್ನು ಸೋಶಿಯಲ್ ಮೀಡಿಯಾದಿಂದ ಎತ್ತಿಕೊಂಡು "ಹರಾಜು" ಅಂತ ಗಿಟ್‌ಹಬ್ ಎಂಬ ಕೋಡ್ ಹಂಚುವ ತಾಣದಲ್ಲಿ ಹಾಕಿದ್ದರು. ಪತ್ರಕರ್ತೆಯರು, ವಿದ್ಯಾರ್ಥಿನಿಯರು, ಯಾರನ್ನೂ ಬಿಟ್ಟಿರಲಿಲ್ಲ. ಬುಲ್ಲಿ ಬಾಯಿ ಕೇಸಿನಲ್ಲಿ ಮುಂಬೈ ಪೊಲೀಸರು ಮೊದಲು ಹಿಡಿದವರಲ್ಲಿ ಒಬ್ಬ ನಮ್ಮ ಬೆಂಗಳೂರಿನಲ್ಲಿ ಓದುತ್ತಿದ್ದ ಇಂಜಿನಿಯರಿಂಗ್ ಹುಡುಗ. ಆ ಫೋಟೋಗಳು ಮದುವೆ ಆ್ಯಪ್‌ನಿಂದ ಹೋದವಲ್ಲ, ಅದನ್ನೂ ಹೇಳಬೇಕು. ಆದರೆ ನಮ್ಮ ಹುಡುಗಿಯರ ಫೋಟೋ ಯಾರ ಕೈಗೆ ಹೋದರೆ ಏನಾಗಬಹುದು ಅನ್ನುವುದು ಅವತ್ತೇ ಗೊತ್ತಾಯಿತು. ಇದನ್ನು ಅತಿಯಾದ ಭಯ ಅನ್ನುವವರಿಗೆ ನಮ್ಮ ಸ್ಥಿತಿ ಗೊತ್ತಿಲ್ಲ.

ಹಾಗಾಗಿ ನಾವು ಹೀಗೆ ಮಾಡಿದೆವು. ಇನ್‌ಸ್ಟಾಗ್ರಾಂನಲ್ಲಿ, ಆಫೀಸಿನ ಐಡಿಯಲ್ಲಿ ಇರುವ ಫೋಟೋ ಹಾಕಲಿಲ್ಲ. ಅದೇ ಫೋಟೋ ಹಾಕಿದರೆ ಗೂಗಲ್‌ನಲ್ಲಿ ಚಿತ್ರ ಹುಡುಕಿ ಹೆಸರು, ಕೆಲಸದ ಜಾಗ ಎಲ್ಲ ತೆಗೆಯಬಹುದು. ಆ್ಯಪ್‌ಗಾಗಿಯೇ ಬೇರೆ ಫೋಟೋ ತೆಗೆದು ಮಸುಕು ಮಾಡಿ ಇಟ್ಟೆವು. ಪ್ರೊಫೈಲ್‌ನಲ್ಲಿ ಹೆಸರಿನ ಮೊದಲ ಭಾಗ ಮಾತ್ರ. ಶಾಲೆಯ ಹೆಸರು ಬರೆಯದೆ "ಶಿಕ್ಷಕಿ, ಧಾರವಾಡ ಜಿಲ್ಲೆ" ಅಂತ ಬರೆದೆವು. ಸ್ಕ್ರೀನ್‌ಶಾಟ್ ತೆಗೆಯಲು ಬಿಡದ ಆ್ಯಪ್ ಆದರೂ ಇನ್ನೊಂದು ಫೋನಿನಿಂದ ಫೋಟೋ ಹೊಡೆಯಬಹುದು. ಅದಕ್ಕೆ ಮುಖ ತೋರಿಸಿದ್ದು ಹುಡುಗನ ತಾಯಿ ನನ್ನ ಜೊತೆ ಫೋನಿನಲ್ಲಿ ಮಾತಾಡಿದ ಮೇಲೆಯೇ.

ನಂಬರ್ ಕೂಡ ಬೇಗ ಕೊಡಬೇಡ. "ವಾಟ್ಸಾಪ್‌ಗೆ ಬನ್ನಿ, ಇಲ್ಲಿ ನೋಟಿಫಿಕೇಶನ್ ಬರಲ್ಲ" ಅಂತ ಮೊದಲ ದಿನವೇ ಹೇಳುವವನಿಂದ ದೂರ ಇರು. ಆ್ಯಪ್ ಒಳಗೆ ಇದ್ದರೆ ರಿಪೋರ್ಟ್ ಮಾಡಬಹುದು, ಬ್ಲಾಕ್ ಮಾಡಬಹುದು, ಮಾತಾಡಿದ್ದಕ್ಕೆ ದಾಖಲೆ ಇರುತ್ತದೆ.

ಸರ್ವರ್ ರೂಮ್

ಆಪಾ ಹೇಳಿದ್ದಕ್ಕೆ ಸೇರಿಸುತ್ತೇನೆ. ಲೊಕೇಶನ್ ಅನುಮತಿ ಆಫ್ ಮಾಡಿ, ಇಲ್ಲವೇ "ಬಳಸುವಾಗ ಮಾತ್ರ" ಅಂತ ಇಡಿ. 2020ರ ನವೆಂಬರ್‌ನಲ್ಲಿ ಮದರ್‌ಬೋರ್ಡ್ ಎಂಬ ಸುದ್ದಿತಾಣ ಒಂದು ವರದಿ ಮಾಡಿತ್ತು. ನಮಾಝ್ ಸಮಯ ತೋರಿಸುವ ಮುಸ್ಲಿಂ ಪ್ರೊ ಆ್ಯಪ್‌ನಿಂದ ಜನರ ಲೊಕೇಶನ್ ಎಕ್ಸ್-ಮೋಡ್ ಎಂಬ ಕಂಪನಿಗೆ ಹೋಗುತ್ತಿತ್ತು. ಆ ಕಂಪನಿ ಅದನ್ನು ಅಮೆರಿಕದ ಮಿಲಿಟರಿ ಗುತ್ತಿಗೆದಾರರಿಗೆ ಮಾರುತ್ತಿತ್ತು. ಅದೇ ವರದಿಯಲ್ಲಿ ಮುಸ್ಲಿಂ ಮಿಂಗಲ್ ಎಂಬ ಡೇಟಿಂಗ್ ಆ್ಯಪ್ ಹೆಸರೂ ಇತ್ತು. ಸುದ್ದಿ ಹೊರಬಂದ ಮೇಲೆ ಮುಸ್ಲಿಂ ಪ್ರೊ ಆ ವ್ಯವಹಾರ ನಿಲ್ಲಿಸುವುದಾಗಿ ಹೇಳಿತು. ಹೆಸರಿನಲ್ಲಿ ಮುಸ್ಲಿಂ ಇದ್ದರೆ ಸಾಕು ಅಂತ ನಂಬಬೇಡಿ. ಯಾವ ಅನುಮತಿ ಕೇಳುತ್ತದೆ ನೋಡಿ.

ಬೈತುಲ್ಲಾ

ಎಲ್ಲರೂ ಆ್ಯಪ್ ಬಗ್ಗೆ ಸಲಹೆ ಕೊಡುತ್ತಿದ್ದೀರಿ. ಮೂಲ ಪ್ರಶ್ನೆ ಯಾರೂ ಕೇಳುತ್ತಿಲ್ಲ. ಸಂಬಂಧವಿಲ್ಲದ ಗಂಡು ಹೆಣ್ಣು ರಾತ್ರಿ ಹನ್ನೊಂದು ಗಂಟೆಗೆ ಚಾಟ್ ಮಾಡುವುದು ಹೇಗೆ ಹಲಾಲ್ ಆಗುತ್ತದೆ? ಡೇಟಿಂಗ್ ಅಂದ ಮೇಲೆ ಮುಂದೆ ಏನು ಪದ ಇಟ್ಟರೂ ಅದು ಡೇಟಿಂಗೇ. ನಮ್ಮ ತಂದೆ ತಾಯಿ ಇದಿಲ್ಲದೆ ಮದುವೆ ಆಗಲಿಲ್ಲವೇ? ನನ್ನ ತಂಗಿಗೆ ನಾನು ಇದನ್ನು ಒಪ್ಪುವುದಿಲ್ಲ.

ಉಳ್ಳಾಲದವಳು

ಸಹೋದರರೇ, ನಿಮ್ಮ ಕಾಳಜಿ ಅರ್ಥವಾಗುತ್ತದೆ. ರಾತ್ರಿ ಹನ್ನೊಂದಕ್ಕೆ ಚಾಟ್ ನನಗೂ ಬೇಡ. ಆದರೆ ಬ್ರೋಕರ್ ನನ್ನ ಫೋಟೋವನ್ನು ಎಷ್ಟು ಜನರ ವಾಟ್ಸಾಪ್‌ಗೆ ಕಳಿಸಿದ್ದಾರೆ ಅಂತ ನನಗೆ ಗೊತ್ತಿಲ್ಲ. ನನಗೆ ಪರಿಚಯವೇ ಇಲ್ಲದ ಒಬ್ಬರು ಮದುವೆ ಮನೆಯಲ್ಲಿ "ನಿಮ್ಮ ಫೋಟೋ ನಮ್ಮ ಗ್ರೂಪ್‌ಗೆ ಬಂದಿತ್ತು" ಅಂದರು. ಅದನ್ನು ಯಾರೂ ಹರಾಮ್ ಅನ್ನುವುದಿಲ್ಲ. ನಾನೇ ಆರಿಸಿ ಒಬ್ಬರಿಗೆ ತೋರಿಸಿದರೆ ಮಾತ್ರ ಪ್ರಶ್ನೆ ಏಳುತ್ತದೆ. ಇದು ನ್ಯಾಯವಾ?

ಮುದರ್ರಿಸ್

ಇಬ್ಬರ ಮಾತಿನಲ್ಲೂ ಸತ್ಯ ಉಂಟು. ನಾನು ದರ್ಸ್ (ಧಾರ್ಮಿಕ ಪಾಠ) ನಡೆಸುವವನು, ತಿಳಿದಷ್ಟು ಹೇಳುತ್ತೇನೆ.

ಆ್ಯಪ್ ತಾನಾಗಿಯೇ ಹಲಾಲೂ ಅಲ್ಲ, ಹರಾಮೂ ಅಲ್ಲ. ಅದರಲ್ಲಿ ನಾವು ಹೇಗೆ ನಡೆದುಕೊಳ್ಳುತ್ತೇವೆ ಅನ್ನುವುದು ಮುಖ್ಯ. ಗಂಡು ಹೆಣ್ಣು ಇಬ್ಬರೇ ಏಕಾಂತದಲ್ಲಿದ್ದರೆ ಮೂರನೆಯವನು ಶೈತಾನ್ ಎಂಬ ಹದೀಸ್ (ಪ್ರವಾದಿ ವಚನ) ತಿರ್ಮಿದಿ ಸಂಗ್ರಹದಲ್ಲಿ ಉಂಟು. ಯಾರಿಗೂ ಕಾಣದ ಚಾಟ್‌ನಲ್ಲಿ ಗಂಟೆಗಟ್ಟಲೆ ಮಾತಾಡುವುದನ್ನೂ ಇದೇ ಎಚ್ಚರದಿಂದ ನೋಡಬೇಕು. ಅದರ ಜೊತೆಗೆ, ಮದುವೆಯ ಉದ್ದೇಶ ಇರುವವರು ಒಬ್ಬರನ್ನೊಬ್ಬರು ನೋಡುವುದಕ್ಕೆ ದೀನ್ ಅನುಮತಿ ಕೊಟ್ಟಿದೆ. ಒಬ್ಬ ಹೆಣ್ಣಿಗೆ ಪ್ರಸ್ತಾಪ ಮಾಡಿದ್ದ ಮುಗೀರಾ ಬಿನ್ ಶುಅಬಾ ಅವರಿಗೆ ಪ್ರವಾದಿ(ಸ) "ಅವಳನ್ನು ನೋಡು, ಅದರಿಂದ ನಿಮ್ಮ ನಡುವೆ ಹೊಂದಾಣಿಕೆ ಬರುತ್ತದೆ" ಎಂಬ ಅರ್ಥದಲ್ಲಿ ಹೇಳಿದ್ದಾರೆ. ಖದೀಜಾ(ರ) ಅವರು ಪ್ರವಾದಿ(ಸ) ಅವರಿಗೆ ಕಳಿಸಿದ ಮದುವೆಯ ಪ್ರಸ್ತಾಪವನ್ನು ನಫೀಸಾ ಎಂಬ ಮಹಿಳೆ ತಲುಪಿಸಿದರು. ಹೆಣ್ಣು ತಾನೇ ಮುಂದಾಗಿ ಕೇಳಬಾರದು ಎಂಬ ನಿಯಮ ಎಲ್ಲೂ ಇಲ್ಲ.

ವಲೀ ವಿಷಯದಲ್ಲಿ ನಮ್ಮ ರಾಜ್ಯದವರಿಗೆ ಗೊಂದಲ ಆಗುವುದು ಸಹಜ. ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿಈ ಮದ್‌ಹಬ್‌ನವರು (ಮದ್‌ಹಬ್ ಅಂದರೆ ಧಾರ್ಮಿಕ ಕಾನೂನಿನ ಪಂಥ). ಬೆಂಗಳೂರು, ಹುಬ್ಬಳ್ಳಿ, ಕಲಬುರಗಿ ಕಡೆ ಹೆಚ್ಚಿನವರು ಹನಫಿ. ಶಾಫಿಈ ಮದ್‌ಹಬ್‌ನಲ್ಲಿ ವಲೀ ಇಲ್ಲದೆ ನಿಕಾಹ್ ಸಿಂಧುವಲ್ಲ. ಹನಫಿಯಲ್ಲಿ ಪ್ರಾಯಕ್ಕೆ ಬಂದ ಹೆಣ್ಣು ತನ್ನ ನಿಕಾಹ್ ತಾನೇ ಮಾಡಿಕೊಳ್ಳಬಹುದು ಎಂಬ ಅಭಿಪ್ರಾಯ ಉಂಟು. ವಲೀ ಇರುವುದು ಉತ್ತಮ ಎಂದು ಅವರೂ ಹೇಳುತ್ತಾರೆ. ನೀವು ಉಳ್ಳಾಲದವರು. ಬೆಂಗಳೂರಿನ ಹನಫಿ ಹುಡುಗನೊಬ್ಬನ ಜೊತೆ ಮಾತು ಮುಂದುವರಿದರೆ ಅವನಿಗೆ "ಅಪ್ಪನಿಗೆ ಆಮೇಲೆ ಹೇಳಿದರಾಯಿತು" ಅನ್ನಿಸಬಹುದು. ನಿಮಗೆ ಹಾಗಲ್ಲ. ನಿಮ್ಮ ಬಾಪ ಇಲ್ಲದೆ ನಿಕಾಹ್ ನಡೆಯುವುದೇ ಇಲ್ಲ. ಅಂದ ಮೇಲೆ ಕೊನೆಗೆ ಹೇಳುವುದಕ್ಕಿಂತ ಮೊದಲೇ ಹೇಳುವುದು ಒಳ್ಳೆಯದು. ಮನಸ್ಸು ಕೊಟ್ಟು ಬಿಟ್ಟ ಮೇಲೆ ಬಾಪ ಬೇಡ ಅಂದರೆ ನೋವು ಎಲ್ಲರಿಗೂ.

ಬೈತುಲ್ಲಾ ಅವರೇ, ತಂಗಿಗೆ ಬೇಡ ಅನ್ನುವ ಬದಲು ನೀವೇ ಅವಳ ಜೊತೆ ಕೂತು ಪ್ರೊಫೈಲ್ ಮಾಡಿಕೊಡಿ. ನಿಮ್ಮ ಇಮೇಲ್ ಹಾಕಿ. ನಿಮ್ಮ ಭಯಕ್ಕೆ ಅದೇ ಪರಿಹಾರ.

ದೇರಾ ದುಬೈ

ಗಲ್ಫ್ ಹುಡುಗರ ಬಗ್ಗೆ ನಾನು ಹೇಳುತ್ತೇನೆ, ಯಾಕೆಂದರೆ ಕರಾವಳಿಯ ಪ್ರೊಫೈಲ್ ತೆರೆದರೆ ನಮ್ಮಂಥವರೇ ಜಾಸ್ತಿ.

ಆ್ಯಪ್ ಕೊಡುವ ನೀಲಿ ಟಿಕ್ ಅಂದರೆ ಫೋಟೋದಲ್ಲಿರುವ ಮುಖ ಅವನದೇ, ಅಷ್ಟೇ. ಅವನಿಗೆ ಊರಲ್ಲಿ ಹೆಂಡತಿ ಇದ್ದಾಳಾ, ಕೆಲಸ ಇದೆಯಾ ಅನ್ನುವುದು ಅದರಲ್ಲಿ ಇಲ್ಲ. ಇಲ್ಲಿ "ಮ್ಯಾನೇಜರ್" ಅಂತ ಬರೆದುಕೊಂಡವರು ಬ್ಯಾಚುಲರ್ ರೂಮಿನಲ್ಲಿ ಬೆಡ್ ಸ್ಪೇಸ್‌ನಲ್ಲಿ (ಹಂಚಿಕೊಂಡ ಕೋಣೆಯ ಒಂದು ಹಾಸಿಗೆಯಲ್ಲಿ) ಇರುವುದನ್ನು ನೋಡಿದ್ದೇನೆ. ಬೆಡ್ ಸ್ಪೇಸ್ ತಪ್ಪಲ್ಲ, ನಾನೂ ವರ್ಷಗಟ್ಟಲೆ ಇದ್ದೆ. ಸುಳ್ಳು ತಪ್ಪು.

ಹಾಗಾಗಿ ಕೇಳಬೇಕಾದ ಪ್ರಶ್ನೆ ಇದು: ಹೆಂಡತಿಯನ್ನು ಕರೆಸಿಕೊಳ್ಳಲು ನಿಮಗೆ ಆಗುತ್ತದಾ? ಯುಎಇಯಲ್ಲಿ ಫ್ಯಾಮಿಲಿ ವೀಸಾ ಮಾಡಿಸಬೇಕಾದರೆ ತಿಂಗಳಿಗೆ ಕನಿಷ್ಠ 4000 ದಿರ್ಹಂ ಸಂಬಳ ಇರಬೇಕು, ಇಲ್ಲವೇ 3000 ದಿರ್ಹಂ ಮತ್ತು ಕಂಪನಿ ಕೊಡುವ ವಸತಿ. ಅದು ಕಾಗದದ ಲೆಕ್ಕ. ದುಬೈಯಲ್ಲಿ ಮನೆ ಬಾಡಿಗೆ ಕೊಟ್ಟು ಸಂಸಾರ ನಡೆಸಲು ಅದು ಸಾಲುವುದಿಲ್ಲ. ಕರೆಸಿಕೊಳ್ಳಲು ಆಗದಿದ್ದರೆ ಅದನ್ನು ಮೊದಲೇ ಹೇಳಬೇಕು. ಆಗ ಹುಡುಗಿ ಅತ್ತೆ ಮನೆಯಲ್ಲಿ ಇದ್ದು ವರ್ಷಕ್ಕೊಮ್ಮೆ ಬರುವ ಗಂಡನಿಗೆ ಕಾಯಬೇಕು. ಒಪ್ಪುವವರು ಒಪ್ಪಲಿ, ಗೊತ್ತಿಲ್ಲದೆ ಒಪ್ಪುವುದು ಬೇಡ.

ವಿಚಾರಿಸುವುದಕ್ಕೆ ಸಂಕೋಚ ಬೇಡ. ಎಮಿರೇಟ್ಸ್ ಐಡಿ, ಸೌದಿಯಾದರೆ ಇಕಾಮಾ (ವಾಸದ ಪರವಾನಗಿ), ಮನೆಯ ಹಿರಿಯರ ಮುಂದೆ ತೋರಿಸಲಿ. ಅವನ ಊರಿನ ಮಸೀದಿ ಯಾವುದು ಕೇಳಿ, ಆ ಜಮಾಅತಿನ ಕಾರ್ಯದರ್ಶಿಗೆ ನಿಮ್ಮ ಬಾಪ ಒಂದು ಫೋನ್ ಮಾಡಲಿ. ಇಲ್ಲಿ ಕರಾವಳಿಯವರ ಸಂಘಟನೆಗಳು ಬೇಕಾದಷ್ಟು ಉಂಟು, ಯಾರಾದರೂ ಒಬ್ಬರಿಗೆ ಪರಿಚಯ ಇದ್ದೇ ಇರುತ್ತದೆ. ಯಾರಿಗೂ ಗೊತ್ತಿಲ್ಲದ ಹುಡುಗ ಅಂದರೆ ಇನ್ನಷ್ಟು ವಿಚಾರಿಸಬೇಕು.

ದುಡ್ಡು ಕೇಳಿದರೆ ಅಲ್ಲಿಗೇ ಮುಗಿಸಿ. ಗಿಫ್ಟ್ ಕಸ್ಟಮ್ಸ್‌ನಲ್ಲಿ ನಿಂತಿದೆ, ವೀಸಾ ಫೈನ್ ಕಟ್ಟಬೇಕು, ಎಲ್ಲವೂ ಹಳೆಯ ಮೋಸ. ಕಳಿಸಿ ಆಗಿದ್ದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಅವಕಾಶ ಜಾಸ್ತಿ. ಮರ್ಯಾದೆಗೆ ಅಂಜಿ ಸುಮ್ಮನಿರುವ ಹುಡುಗಿಯರೇ ಇವರ ಬಂಡವಾಳ.

ಬೈತುಲ್ಲಾ

ಹೀಗೆ ಒಬ್ಬನ ಬಗ್ಗೆ ಹತ್ತು ಕಡೆ ಕೇಳುವುದು ಗೀಬತ್ (ಬೆನ್ನ ಹಿಂದೆ ಆಡಿಕೊಳ್ಳುವುದು) ಆಗುವುದಿಲ್ಲವೇ? ಜನ ಸುಮ್ನೆ ಏನಾದರೂ ಹೇಳುತ್ತಾರೆ.

ಮುದರ್ರಿಸ್

ಒಳ್ಳೆಯ ಪ್ರಶ್ನೆ. ಸಹೀಹ್ ಮುಸ್ಲಿಂ ಹದೀಸ್ ಸಂಗ್ರಹದಲ್ಲಿ ಫಾತಿಮಾ ಬಿಂತ್ ಖೈಸ್ ಅವರ ಘಟನೆ ಓದಿ. ಅವರಿಗೆ ಮುಆವಿಯಾ ಮತ್ತು ಅಬೂ ಜಹ್ಮ್ ಇಬ್ಬರ ಪ್ರಸ್ತಾಪ ಬಂದಿತ್ತು. ಪ್ರವಾದಿ(ಸ) ಅವರಲ್ಲಿ ಸಲಹೆ ಕೇಳಿದರು. ಅಬೂ ಜಹ್ಮ್ ಹೆಗಲಿನಿಂದ ಕೋಲು ಇಳಿಸುವವನಲ್ಲ, ಮುಆವಿಯಾ ಬಡವ, ಕೈಯಲ್ಲಿ ಏನೂ ಇಲ್ಲ, ನೀನು ಉಸಾಮಾರನ್ನು ಮದುವೆಯಾಗು ಎಂಬ ಉತ್ತರ ಬಂತು. ಮದುವೆಗಾಗಿ ಕೇಳಿದಾಗ ಇದ್ದದ್ದನ್ನು ಇದ್ದ ಹಾಗೆ ಹೇಳುವುದು ಗೀಬತ್ ಅಲ್ಲ, ಅದು ಅಮಾನತ್, ಅಂದರೆ ನಂಬಿ ಒಪ್ಪಿಸಿದ ಹೊಣೆ. ಹುಡುಗ ಹೊಡೆಯುವವನು ಅಂತ ಗೊತ್ತಿದ್ದೂ "ಒಳ್ಳೆಯವನು" ಅಂದರೆ ಅದಕ್ಕೆ ನಾವು ಉತ್ತರ ಕೊಡಬೇಕಾಗುತ್ತದೆ. ಆದರೆ ಕೇಳಿದಷ್ಟೇ ಹೇಳಬೇಕು. ಸಂಬಂಧ ಮುರಿದ ಮೇಲೆ ಅದನ್ನು ಊರಿಗೆಲ್ಲ ಹರಡಬಾರದು.

ಇಬ್ಬರು ಹೆಣ್ಣುಮಕ್ಕಳ ತಂದೆ

ನಾನು ಶಿವಮೊಗ್ಗದವನು. ಮಗಳು ನನ್ನ ಇಮೇಲ್ ಹಾಕಿದ್ದಳು. ಮೊದಲ ವಾರದ ಚಾಟ್ ಬಂದಾಗ ತೆರೆಯಲು ಕೈ ಬರಲಿಲ್ಲ. ಓದಿದ ಮೇಲೆ ಸಮಾಧಾನವಾಯಿತು. ಅವಳು ಕೇಳಿದ ಪ್ರಶ್ನೆಗಳು ನನಗೂ ಹೊಳೆಯದಂಥವು. ಸಾಲ ಎಷ್ಟಿದೆ, ಕೋಪ ಬಂದರೆ ಏನು ಮಾಡುತ್ತೀರಿ, ನಿಮ್ಮ ತಾಯಿಗೂ ನನಗೂ ಜಗಳವಾದರೆ ನೀವು ಏನು ಮಾಡುತ್ತೀರಿ, ಹೀಗೆ. ನನ್ನ ಮದುವೆಗೆ ಮುಂಚೆ ನನಗೆ ಇದನ್ನು ಯಾರೂ ಕೇಳಿರಲಿಲ್ಲ.

ಆಮೇಲೆ ನಾನು ಪ್ರತಿ ಸಾಲನ್ನೂ ಓದುವುದು ಬಿಟ್ಟೆ. ಮಗಳಿಗೆ ಹೇಳಿದೆ, ನಿನಗೆ ಸರಿ ಅನ್ನಿಸಿದವನನ್ನು ನನಗೆ ಹೇಳು, ನಾನು ಅವನ ತಂದೆಗೆ ಫೋನ್ ಮಾಡುತ್ತೇನೆ. ವಲೀ ಅಂದರೆ ಕಾವಲುಗಾರನ ಹಾಗೆ ನಿಲ್ಲುವುದಲ್ಲ, ಮಗಳು ಬೇಡ ಅಂದಾಗ ಆ ಮಾತನ್ನು ಎದುರಿನವರಿಗೆ ಹೇಳುವವನೂ ನಾನೇ. ಎರಡು ಸಂಬಂಧಕ್ಕೆ ಹಾಗೆ ಹೇಳಿದ್ದೇನೆ. ಹುಡುಗಿ ಹೇಳಿದ್ದರೆ ಬೈಗುಳ ಬರುತ್ತಿತ್ತು, ತಂದೆ ಹೇಳಿದಾಗ "ಸರಿ ಸಾಬ್, ಅಲ್ಲಾಹ್ ಒಳ್ಳೆಯದು ಮಾಡಲಿ" ಅಂತ ಮುಗಿಯಿತು.

ಉಳ್ಳಾಲದ ಮಗಳೇ, ಬಾಪನಿಗೆ ಹೇಳಮ್ಮ. ಅವರು ಮೊದಲು ಸಿಡುಕಬಹುದು. ಆದರೂ ಹೇಳು.

ಮೈಸೂರು ಟೀಚರ್

ನನ್ನ ಪರಿಸ್ಥಿತಿ ಬೇರೆ. ಖುಲಾ (ಹೆಂಡತಿಯೇ ಕೇಳಿ ಪಡೆಯುವ ವಿಚ್ಛೇದನ) ಆಗಿದೆ, ಐದು ವರ್ಷದ ಮಗ ಇದ್ದಾನೆ. ಬ್ರೋಕರ್‌ಗಳು ನನಗೆ ತರುವುದು ಐವತ್ತು ದಾಟಿದವರನ್ನು ಮಾತ್ರ. "ನಿಮ್ಮ ಕೇಸಿಗೆ ಇಷ್ಟೇ" ಅಂತ ಮುಖದ ಮೇಲೆ ಹೇಳುತ್ತಾರೆ. ಆ್ಯಪ್‌ನಲ್ಲಿ ಮೊದಲ ಸಾಲಿನಲ್ಲೇ ಬರೆದಿದ್ದೇನೆ: ವಿಚ್ಛೇದಿತೆ, ಮಗ ನನ್ನ ಜೊತೆಗೇ ಇರುತ್ತಾನೆ. ಒಪ್ಪದವರು ಮುಂದೆ ಹೋಗುತ್ತಾರೆ. ಯಾರ ಮನೆಯ ಹಾಲ್‌ನಲ್ಲೂ ತಲೆ ತಗ್ಗಿಸಿ ಕೂರಬೇಕಾಗಿಲ್ಲ. ನನಗೆ ಅದೇ ದೊಡ್ಡ ವಿಷಯ.

ಒಂದು ಆ್ಯಪ್‌ನಲ್ಲಿ (ಹೆಸರು ಬೇಡ) ಒಬ್ಬರು ತಮಗೂ ತಲಾಖ್ ಆಗಿದೆ ಅಂದಿದ್ದರು. ಕಾಗದ ಕೇಳಿದಾಗ ಮಾತು ನಿಂತಿತು. ಹೆಂಡತಿ ಮನೆಯಲ್ಲೇ ಇದ್ದರು. ರಿಪೋರ್ಟ್ ಮಾಡಿದೆ, ಉತ್ತರ ಬರಲಿಲ್ಲ, ಪ್ರೊಫೈಲ್ ಹಾಗೇ ಇತ್ತು. ಆ ಆ್ಯಪ್ ಬಿಟ್ಟೆ. ಹಾಗಾಗಿ ನನ್ನ ಅಳತೆಗೋಲು ಇದು: ರಿಪೋರ್ಟ್ ಮಾಡಿದರೆ ಏನು ಮಾಡುತ್ತಾರೆ? ಅದು ಸರಿ ಇಲ್ಲದಿದ್ದರೆ ಉಳಿದ ಎಷ್ಟು ಸೌಲಭ್ಯ ಇದ್ದರೂ ಪ್ರಯೋಜನ ಇಲ್ಲ.

2016ರಲ್ಲಿ ಕೇಂದ್ರ ಸರ್ಕಾರದ ಐಟಿ ಸಚಿವಾಲಯ ಮ್ಯಾಟ್ರಿಮೊನಿ ಸೈಟ್‌ಗಳಿಗೆ ಸೂಚನೆ ಹೊರಡಿಸಿದೆ. ಸದಸ್ಯರ ಗುರುತಿನ ದಾಖಲೆ ಪಡೆಯಬೇಕು, ದೂರು ಕೇಳುವ ಅಧಿಕಾರಿ ಇರಬೇಕು, ಸೈಟ್ ಇರುವುದು ಮದುವೆಗೆ ಮಾತ್ರ ಅಂತ ಸ್ಪಷ್ಟವಾಗಿ ಹೇಳಬೇಕು ಅಂತ ಅದರಲ್ಲಿದೆ. ಸೇರುವ ಮೊದಲು ದೂರು ಅಧಿಕಾರಿಯ ವಿಳಾಸ ಇದೆಯಾ ನೋಡಿ.

ಮುದರ್ರಿಸ್

ಸಹೋದರಿ, ನಿಮ್ಮನ್ನು "ಇಷ್ಟೇ" ಅನ್ನುವವರ ಮಾತು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಮೊದಲು ಮದುವೆಯಾಗಿದ್ದ ಖನ್ಸಾ ಬಿಂತ್ ಖಿದಾಮ್ ಅವರಿಗೆ ತಂದೆ ಇಷ್ಟವಿಲ್ಲದ ಮದುವೆ ಮಾಡಿದಾಗ ಪ್ರವಾದಿ(ಸ) ಆ ನಿಕಾಹನ್ನೇ ರದ್ದು ಮಾಡಿದರು. ಬುಖಾರಿ ಹದೀಸ್ ಸಂಗ್ರಹದಲ್ಲಿ ಉಂಟು. ನಿಮ್ಮ ಒಪ್ಪಿಗೆಗೆ ಅಷ್ಟು ಬೆಲೆ ಇದೆ.

ಉಳ್ಳಾಲದವಳು

ಎಲ್ಲರಿಗೂ ಜಝಾಕಲ್ಲಾಹು ಖೈರ್. ಇವತ್ತು ಬಾಪನಿಗೆ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಅಣ್ಣನ ಇಮೇಲ್ ಹಾಕು, ನನಗೆ ಮೇಲ್ ಎಲ್ಲ ನೋಡಲು ಬರುವುದಿಲ್ಲ" ಅಂದರು. ಮಝ್‌ನಲ್ಲಿ ಅಣ್ಣನನ್ನು ಸೇರಿಸಿ, ಫೋಟೋ ಮಸುಕು ಮಾಡಿ ಪ್ರೊಫೈಲ್ ಮಾಡುತ್ತೇವೆ. ಮುಸ್ಲಿಂ ಮ್ಯಾಟ್ರಿಮೊನಿಯಲ್ಲಿ ಬಾಪನ ಹೆಸರಿನಿಂದ ಇನ್ನೊಂದು.

ಇನ್ನೊಂದು ಪ್ರಶ್ನೆ ಉಳಿಯಿತು. ನಮ್ಮ ಕಡೆ ಎಲ್ಲ ಸರಿಹೋದ ಮೇಲೆ ಕೊನೆಗೆ "ಎಷ್ಟು ಪವನ್ ಚಿನ್ನ ಹಾಕುತ್ತೀರಿ" ಅಂತ ಬರುತ್ತದೆ. ಇದನ್ನು ಆ್ಯಪ್‌ನಲ್ಲಿ ಯಾವಾಗ ಕೇಳುವುದು? ಮೊದಲೇ ಕೇಳಿದರೆ ದುರಹಂಕಾರ ಅಂದುಕೊಳ್ಳುತ್ತಾರಾ?

ಹುಬ್ಬಳ್ಳಿ ಆಪಾ

ಪ್ರೊಫೈಲ್‌ನಲ್ಲೇ ಬರೆದುಬಿಡು ತಂಗಿ. ನಾವು ಬರೆದಿದ್ದೆವು: "ವರದಕ್ಷಿಣೆ ಕೊಡುವುದಿಲ್ಲ. ಮಹ್ರ್ ಬಗ್ಗೆ ಹಿರಿಯರು ಕೂತು ಮಾತಾಡುತ್ತಾರೆ." 1961ರ ಕಾಯ್ದೆಯಲ್ಲಿ ವರದಕ್ಷಿಣೆ ತೆಗೆದುಕೊಳ್ಳುವುದೂ ಅಪರಾಧ, ಕೊಡುವುದೂ ಅಪರಾಧ. ಮಹ್ರ್, ಅಂದರೆ ಮದುವೆಯಲ್ಲಿ ಗಂಡು ಹೆಣ್ಣಿಗೆ ಕೊಡಬೇಕಾದದ್ದು, ಅದರಲ್ಲಿ ಸೇರುವುದಿಲ್ಲ, ಅದು ನಿನ್ನ ಹಕ್ಕು. ಬರೆದ ಮೇಲೆ ಬರುವ ಸಂಬಂಧ ಕಡಿಮೆ ಆಗುತ್ತದೆ, ಅದಕ್ಕೆ ಎದೆಗುಂದಬೇಡ. ನಾದಿನಿಗೆ ಆ ಸಾಲು ಓದಿಯೇ ಮೆಸೇಜ್ ಮಾಡಿದವನು ಈಗ ನಮ್ಮ ಮನೆ ಅಳಿಯ.

ದೇರಾ ದುಬೈ

"ಮನೆಯವರು ಕೇಳುತ್ತಾರೆ, ನನಗೇನೂ ಬೇಡ" ಅನ್ನುವ ಹುಡುಗರೂ ಇರುತ್ತಾರೆ. ಅಂಥವನಿಗೆ ಒಂದೇ ಮಾತು ಹೇಳಿ. ನಿಮ್ಮ ತಾಯಿಯ ಮುಂದೆ ಇದನ್ನೇ ಹೇಳಿ, ಆಮೇಲೆ ನನ್ನ ಅಣ್ಣನಿಗೆ ಫೋನ್ ಮಾಡಿ.